ಬಿಸಿಲಿಗಿಟ್ಟ ಹನ್ನೊಂದು ನಿಮಿಷ

ಹಳೆಯ ಫಿಲ್ಮು ಕೆಟ್ಟರೆ ಹುಳಿ ವಾಸನೆ ಬರುತ್ತದೆ, ಮುಚ್ಚಳ ಸಡಿಲಾದ ಉಪ್ಪಿನಕಾಯಿ ಜಾಡಿಯ ಹಾಗೆ. ಇದು ನನಗೆ ಗೊತ್ತಾದದ್ದು ಹೋದ ವಾರ. ಸಿನಿಮಾದಲ್ಲಿ ಕೆಲಸ ಮಾಡಿದವನು ಅಂತ ಒಂಬತ್ತು ವರ್ಷದಿಂದ ಹುಬ್ಬಳ್ಳಿಯ ಕೇಶ್ವಾಪುರದ ತುಂಬ ಹೇಳಿಕೊಂಡು ತಿರುಗಿದವನಿಗೆ ಇಷ್ಟು ಸಣ್ಣ ಸಂಗತಿ ಗೊತ್ತಿರಲಿಲ್ಲ ಅಂದಮೇಲೆ, ಅಲ್ಲಿ ನಾನು ಎಂಥ ಕೆಲಸ ಮಾಡಿರಬಹುದು ಅನ್ನುವುದನ್ನು ನೀವೇ ಊಹಿಸಿ.

ನನ್ನನ್ನು ಸಿನಿಮಾಕ್ಕೆ ಸೇರಿಸಿಕೊಂಡಿದ್ದ ಗೌತಮ ಸರ್ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಧಾರವಾಡದಿಂದ ಅವರ ತಂಗಿ ಸುಜಾತಾ ಅಕ್ಕ ಫೋನ್ ಮಾಡಿ, ಅಣ್ಣನ ಸಾಮಾನು ಕಟ್ಟುತ್ತಿದ್ದೇನೆ, ಒಂದು ಡಬ್ಬಿಯ ಮೇಲೆ ನಿನ್ನ ಹೆಸರು ಬರೆದಿಟ್ಟಿದ್ದಾನೆ, ಬಂದು ಒಯ್ಯಿ ಅಂದರು. ಹೋದೆ. ಜಿಟಿಜಿಟಿ ಮಳೆ. ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಅಣ್ಣನ ಇಡೀ ಬದುಕನ್ನು ನಾಲ್ಕು ರಟ್ಟಿನ ಪೆಟ್ಟಿಗೆಗಳಲ್ಲಿ ಲೆಕ್ಕ ತಪ್ಪದಂತೆ ಜೋಡಿಸಿದ್ದರು. ಗೋಡೆಯ ಮೇಲೆ ಬುದ್ಧನ ಪಟ ಒಂದೇ ಉಳಿದಿತ್ತು. ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿದ್ದ ಹಿತ್ತಾಳೆಯ ಫಲಕವೂ ಇನ್ನೂ ಅಲ್ಲೇ ಇತ್ತು. ಅದು ಸರ್‌ಗೆ ಬಂದ ಒಂದೇ ಒಂದು ಪ್ರಶಸ್ತಿ. ಅದು ಬಂದ ದಿನದಿಂದ ಬಾಗಿಲಿನ ಚಾಕರಿ ಮಾಡಿಕೊಂಡಿತ್ತು.

ಡಬ್ಬಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಚಪ್ಪಟೆ, ದುಂಡಗಿನ ತಗಡಿನ ಡಬ್ಬಿ. ಅಂಚಿಗೆ ಸುತ್ತಿದ ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ 'ಎಕ್ಸ್‌ಪೋಸ್ಡ್, ಡು ನಾಟ್ ಓಪನ್' ಅಂತ ಇರುವುದು ನನ್ನದೇ ಅಕ್ಷರ. ಅದರ ಪಕ್ಕದಲ್ಲಿ ಸರ್ ಕನ್ನಡದಲ್ಲಿ 'ಬಸೂಗ ಕೊಡೂದು' ಅಂತ ಬರೆದಿದ್ದರು. ಬಸು ಅಂದರೆ ನಾನು. ಮುಚ್ಚಳ ಒಂದಿಷ್ಟು ಎತ್ತಿದೆ. ಆ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ನೋಡುವ ಧೈರ್ಯ ಬರಲಿಲ್ಲ, ಹಾಗೇ ಮುಚ್ಚಿದೆ. ಹುಬ್ಬಳ್ಳಿಯ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಪಕ್ಕದ ಮುದುಕ, ಯಾವ ಊರಿನ ಉಪ್ಪಿನಕಾಯಿ ಅಂತ ಕೇಳಿದ. ಬೆಂಗೇರಿಯದು ಅಂದೆ. ಅದು ಸುಳ್ಳೂ ಅಲ್ಲ.

ಸಿನಿಮಾದವರು ಸತ್ತರೆ ಪೇಪರಿನಲ್ಲಿ ಅರ್ಧ ಪುಟ ಬರುತ್ತದೆ. ಸರ್‌ಗೆ ಸಿಕ್ಕಿದ್ದು ಐದು ಸಾಲು, ಬೋರ್‌ವೆಲ್ ಜಾಹೀರಾತಿನ ಮೇಲೆ. ಅದರಲ್ಲೂ 'ರಂಗಕಲಾವಿದ' ಅಂತ ಹಾಕಿದ್ದರು. ಅವರು ಮಾಡಿದ್ದು ಎರಡು ಸಿನಿಮಾ. ಮೊದಲನೆಯದು ರೈಲ್ವೆ ಯಾರ್ಡಿನಲ್ಲಿ ಗೂಡ್ಸ್ ಡಬ್ಬಿಗಳ ಮೇಲೆ ಸೀಮೆಸುಣ್ಣದಿಂದ ಊರಿನ ಹೆಸರು ಬರೆಯುವವನ ಬಗ್ಗೆ. ಬರೆದ ಯಾವ ಊರನ್ನೂ ಅವನು ನೋಡಿರಲಿಲ್ಲ. ಅದು ಹುಬ್ಬಳ್ಳಿಯಲ್ಲಿ ಒಂದೇ ಒಂದು ಬೆಳಗಿನ ಆಟ ಕಂಡಿತು. ಏಳು ಜನ ನೋಡಿದರು, ಅದರಲ್ಲಿ ನಾಲ್ವರು ಮಳೆಗೆ ನಿಲ್ಲಲು ಬಂದವರು. ಎರಡನೆಯದು ಸ್ಮಶಾನ ಕಾಯುವ ಹೆಂಗಸಿನ ಬಗ್ಗೆ. ಆ ಫಲಕ ತಂದದ್ದು ಅದೇ. ಅದನ್ನು ಈ ಊರಿನಲ್ಲಿ ಯಾರೂ ನೋಡಲಿಲ್ಲ, ಮಳೆಗೆ ನಿಲ್ಲಲು ಸಹ ಯಾರೂ ಬರಲಿಲ್ಲ.

ನೀವು ಇಂಥ ಹೊರಗಿನ ಮಂದಿಯನ್ನೇ ಯಾಕೆ ಹಿಡಿಯುತ್ತೀರಿ ಅಂತ ನಾನೊಮ್ಮೆ ಅವರನ್ನು ಕೇಳಿದ್ದೆ. ಅವರ ತಂದೆ ಸರಕಾರಿ ಶಾಲೆಯ ಹೆಡ್ ಮಾಸ್ತರರು. ಮೂರು ವರ್ಷಕ್ಕೊಂದು ವರ್ಗ, ಪ್ರತಿ ಊರಿನಲ್ಲೂ ಬಾಡಿಗೆ ಮನೆ ಹುಡುಕಬೇಕು.

"ನಮ್ಮಪ್ಪ ಹೆಸರ ಹೇಳತಿದ್ದ, ಅವರು ಅಡ್ಡಹೆಸರ ಕೇಳತಿದ್ದರು," ಅಂದರು ಸರ್. "ಆಮ್ಯಾಲೆ ಒಳಗ ಹೋಗಿ ಮನ್ಯಾಗ ಕೇಳಿ ಬರತೇವಿ ಅನ್ನವರು. ನಾವು ಹೊರಗ ಕಟ್ಟಿ ಕೆಳಗ ಸಾಮಾನ ಹಿಡಕೊಂಡು ನಿಂತಿರತಿದ್ವಿ. ಹೊರಗ ನಿಂತರ ಮಂದಿ ಮಾರಿ ಛಲೋ ಕಾಣತಾವು ಬಸು. ಅದ ನನ್ನ ಸಿನಿಮಾ ಸಾಲಿ."

ನಾನು ಅವರ ಹತ್ತಿರ ಹೋದದ್ದು ಹೀರೋ ಆಗಲು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೆರಡು, ಬಿ.ಎ. ಕೊನೆಯ ವರ್ಷದಲ್ಲಿ ಇತಿಹಾಸ ನನ್ನನ್ನು ಎರಡು ಸಲ ತಿರಸ್ಕರಿಸಿತ್ತು. ಕಪ್ಪು ಕನ್ನಡಕ ಹಾಕಿ, ಬೇರೆಯವರ ಮೋಟರ್ ಸೈಕಲ್ಲಿಗೆ ಒರಗಿ ತೆಗೆಸಿಕೊಂಡ ಫೋಟೊ ಒಯ್ದು ಕೊಟ್ಟೆ. ಸರ್ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಛತ್ರಿ ಹಿಡಿಯಲು ಬರುತ್ತದೆಯೇ ಅಂತ ಕೇಳಿದರು. ಹಾಗೆ ನಾನು ಅವರ ಮೂರನೆಯ ಸಿನಿಮಾಕ್ಕೆ ಸಹನಿರ್ದೇಶಕನಾದೆ. ಕೆಲಸ, ಕ್ಯಾಮೆರಾಕ್ಕೆ ಛತ್ರಿ ಹಿಡಿಯುವುದು. ಕ್ಯಾಮೆರಾ ಹಿಡಿಯುವವರು ಸರ್. ನಮ್ಮ ಯೂನಿಟ್ಟಿನಲ್ಲಿ ಇದ್ದದ್ದು ಇಷ್ಟೇ ಜನ.

ಮೊದಲ ವಾರವೇ ನನ್ನ ಪ್ರತಿಭೆ ಹೊರಬಿತ್ತು. ಕ್ಲ್ಯಾಪ್ ಹೊಡೆಯುವಾಗ ಹೆಬ್ಬೆರಳನ್ನು ಹಲಗೆಯ ನಡುವೆ ಇಟ್ಟುಕೊಂಡು ಚೀರಿದೆ. ಲೆನ್ಸಿನ ಮುಚ್ಚಳ ತೆಗೆಯದೆ 'ರೆಡಿ ಸರ್' ಅಂದೆ. ಟೇಪ್ ರೆಕಾರ್ಡರಿನಲ್ಲಿ ಸಂತೆಯ ಸದ್ದು ಹಿಡಿಯಲು ಕಳಿಸಿದರೆ, ಮೈಕಿನ ಹತ್ತಿರ ನಾನೇ ಹಾಡು ಗುನುಗಿ ಅದನ್ನೇ ಹಿಡಿದುಕೊಂಡು ಬಂದೆ. ಸರ್ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಆ ಮಳೆಗಾಲದಲ್ಲಿ ಅವರ ಕನ್ನಡಕದಷ್ಟು ಸ್ವಚ್ಛವಾದ ವಸ್ತು ಹುಬ್ಬಳ್ಳಿ-ಧಾರವಾಡದಲ್ಲಿ ಬೇರೆ ಇರಲಿಲ್ಲ.

ಆ ಸಿನಿಮಾ ರೋಸಿ ಅಕ್ಕನದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಒಂದು ತಗಡಿನ ಕೋಣೆ, ಅದರೊಳಗೆ ಸೂರಿನ ತನಕ ತತ್ತಿಯ ಟ್ರೇಗಳು. ಓಣಿಯವರು ಅವಳನ್ನು ತತ್ತಿ ರೋಸಿ ಅನ್ನುತ್ತಿದ್ದರು. ಮೂಲತಃ ಕೇರಳದವಳು, ಹನ್ನೆರಡನೆಯ ವಯಸ್ಸಿಗೆ ಸರ್ಕಸ್ ಸೇರಿದವಳು. ಹಲಗೆಗೆ ಬೆನ್ನು ಕೊಟ್ಟು, ಕೈ ಚಾಚಿ ನಿಲ್ಲುವುದು ಅವಳ ಕೆಲಸ. ಎದುರಿನಿಂದ ಅವಳ ಗಂಡ ಕತ್ತಿ ಎಸೆಯುತ್ತಿದ್ದ. ಕಿವಿಯ ಪಕ್ಕ ಒಂದು, ಕಂಕುಳ ಕೆಳಗೊಂದು. ನಾವು ಅವಳನ್ನು ನೋಡುವುದಕ್ಕೆ ಇಪ್ಪತ್ತು ವರ್ಷ ಮೊದಲು ಇದೇ ಹುಬ್ಬಳ್ಳಿಯಲ್ಲಿ ಒಂದು ಕತ್ತಿ ಅವಳ ಭುಜಕ್ಕೆ ಹೊಕ್ಕಿತು. ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಸರ್ಕಸ್ಸು ಮುಂದಿನ ಊರಿಗೆ ಹೋಯಿತು. ಗಂಡನೂ ಹೋದ. ಎಡಗೈ ಅಂದಿನಿಂದ ಭುಜದ ಮೇಲೆ ಏಳುತ್ತಿರಲಿಲ್ಲ. ಬಲಗೈ ಒಂದರಿಂದಲೇ ಟ್ರೇ ಎತ್ತುತ್ತಿದ್ದಳು, ಒಂದು ತತ್ತಿಯೂ ಅಳ್ಳಾಡುತ್ತಿರಲಿಲ್ಲ.

ಒಂದೂವರೆ ತಿಂಗಳು ನಾವು ಅವಳ ಕೋಣೆಗೆ ಹೋಗಿ ಬಂದೆವು. ಅವಳು ತತ್ತಿ ಎಣಿಸುವುದನ್ನು, ಗಿರಾಕಿಗಳನ್ನು ಬೈಯುವುದನ್ನು, ಒಲೆ ಹಚ್ಚುವುದನ್ನು ಸರ್ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡರು. ಕತ್ತಿ ಹೊಕ್ಕ ದಿನದ ಕತೆ ಮಾತ್ರ ಅವಳು ಹೇಳಲಿಲ್ಲ. ಸರ್ ಕೇಳಲೂ ಇಲ್ಲ. ಕೊನೆಗೆ ಒಂದು ದಿನ ಅವಳೇ ಬಾಯಿ ಬಿಟ್ಟಳು.

"ಹೇಳತೇನಿ ಸಾಹೇಬ್ರ. ಆದರ ಒಂದ ಸಲ," ಅಂದಳು. "ಹಲಗಿ ಮುಂದ ನಿಂತಂಗ ಅದು. ಒಮ್ಮೆ ನಿಂತರ ಆಟ ಮುಗಿಯೂತನಕ ಅಳ್ಳಾಡಂಗಿಲ್ಲ. ಚಂದಾಗಿ ಬರಲಿಲ್ಲ, ಮತ್ತೊಮ್ಮೆ ನಿಲ್ಲು ಅಂದರ ನಾ ನಿಲ್ಲಂಗಿಲ್ಲ."

ಸರ್ ಒಪ್ಪಿದರು. ನಮ್ಮ ಕ್ಯಾಮೆರಾದ ಒಂದು ಸುರುಳಿ ಹನ್ನೊಂದು ನಿಮಿಷ ಓಡುತ್ತಿತ್ತು. ಒಂದು ಸುರುಳಿ, ಒಂದು ಕತೆ, ನಡುವೆ ನಿಲ್ಲಿಸುವುದಿಲ್ಲ ಅಂತ ಆಯಿತು.

ಆ ಮಧ್ಯಾಹ್ನ ಅವಳು ಪೆಟ್ಟಿಗೆಯಿಂದ ಹಳೆಯ ಚಮಕಿಯ ರವಿಕೆ ತೆಗೆದು ಹಾಕಿಕೊಂಡಳು. ಅದು ಬಿಗಿಯಾಗಿ, ಬೆನ್ನಿನ ಕಡೆ ಗುಂಡಿ ಹತ್ತಲಿಲ್ಲ. ಮುಂದಿನಿಂದ ಅಷ್ಟೇ ಹಿಡಿಯಿರಿ ಅಂದಳು. ಕ್ಯಾಮೆರಾ ಶುರುವಾಯಿತು, ಅದರ ಹಿಂದೆಯೇ ಮಳೆಯೂ ಶುರುವಾಯಿತು. ತಗಡಿನ ಮೇಲೆ ಕಡಲೆಕಾಯಿ ಸುರಿದ ಹಾಗೆ ಸದ್ದು. ನಾನು ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಛತ್ರಿ ಹಿಡಿದು, ಸೋರುವ ಹನಿಗೆ ತಲೆಯನ್ನೇ ಅಡ್ಡ ಕೊಟ್ಟು ನಿಂತಿದ್ದೆ.

ಹತ್ತು ನಿಮಿಷ ಅವಳು ಡೇರೆ, ಆನೆ, ಬಲೆ ತಪ್ಪಿ ಬಿದ್ದ ಗೆಳತಿಯರು, ಗಂಡನ ಮೀಸೆ, ಇವುಗಳ ಬಗ್ಗೆ ಹೇಳಿದಳು. ಅದರಲ್ಲಿ ಅರ್ಧ ನನಗೆ ಈಗ ಮರೆತಿದೆ. ಕೊನೆಯ ನಿಮಿಷ ಮಾತ್ರ ಮರೆತಿಲ್ಲ.

"ಎಲ್ಲಾರೂ ಅಂವನ ಕೈ ತಪ್ಪಿತು ಅಂತಾರ," ಅಂದಳು. "ಕೈ ತಪ್ಪಲಿಲ್ಲ. ಅವತ್ತ ಮುಂಜಾನೆ ನಾವು ಜಗಳಾಡಿದ್ವಿ. ಅಂವಾ ಕತ್ತಿ ಒಗಿಯೂಮುಂದ ನನ್ನ ಮಾರಿ ನೋಡಲಿಲ್ಲ, ಹಲಗಿ ನೋಡಿದ. ನನ್ನ ನೋಡ್ಲಿ ಅಂತ ನಾ ಅಳ್ಳಾಡಿದೆ. ಇಷ್ಟ ಆಗಿದ್ದು. ದವಾಖಾನಿಗೆ ಬಂದು ನನ್ನ ಕೈ ತಪ್ಪಿತು ರೋಸಿ ಅಂದ. ನಾ ಸುಮ್ಮನಿದ್ದೆ. ಅಂವಾ ಮತ್ತ ಕತ್ತಿ ಹಿಡೀಲಿಲ್ಲಂತ. ಎಲ್ಲೆರ ಇದ್ದರ ಈ ಪಿಚ್ಚರ ನೋಡ್ಲಿ. ತನ್ನ ಕೈ ತಪ್ಪಿಲ್ಲಂತ ಅಂವಗ ಗೊತ್ತಾಗ್ಲಿ."

ಸುರುಳಿ ಮುಗಿದು ಕ್ಯಾಮೆರಾ ಟಕಟಕ ಅಂದಿತು. ಸರ್ ಬಹಳ ಹೊತ್ತು ಕಣ್ಣು ಕ್ಯಾಮೆರಾದಿಂದ ತೆಗೆಯಲಿಲ್ಲ. ಆಮೇಲೆ ರೆಕಾರ್ಡರಿನ ಟೇಪು ತಿರುಗಿಸಿ ಕೇಳಿದೆವು. ಮಳೆ. ಬರೀ ಮಳೆ. ನಡುವೆ ಒಂದು ಸಲ ನನ್ನ ಸೀನು. ನಾನು ಕಂಗಾಲಾದೆ. ಸರ್ ಕಂಗಾಲಾಗಲಿಲ್ಲ.

"ಮಾತ ಮಳಿ ತಿಂತು," ಅಂದರು. "ಮಾರಿ ನಮ್ಮ ಕಡೆ ಐತಿ. ಅಕಿ ಹೇಳಿದ್ದು ನನಗ ನೆನಪೈತಿ, ಬರದು ಕೆಳಗ ಅಕ್ಷರ ಹಾಕೂಣು. ಕೇರಳಕ್ಕ ಒಯ್ದು, ಹಳೇ ಸರ್ಕಸ್ ಮಂದಿ ಇರೂ ಊರಾಗ ಪರದೆ ಕಟ್ಟಿ ತೋರಸೂಣು."

ಅಂದರೆ ಆಗ ಉಳಿದದ್ದು ಆ ಮುಖ ಒಂದೇ, ಆ ಡಬ್ಬಿಯೊಳಗೆ.

ಡಬ್ಬಿ ನಮ್ಮ ಮನೆಗೆ ಬಂತು. ಸರ್ ಮನೆಯ ಮಾಳಿಗೆ ಸೋರುತ್ತಿತ್ತು. ಕೇಶ್ವಾಪುರದ ನಮ್ಮ ಬಾಡಿಗೆ ಮನೆ ಗಟ್ಟಿಯಾಗಿತ್ತು, ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಅಪ್ಪನ ಗುರುತಿನ ಒಬ್ಬ ಗಾರ್ಡು ಮೂರು ವಾರದ ಮೇಲೆ ಮದ್ರಾಸಿನ ಕಡೆ ಹೊರಡುವವನಿದ್ದ. ಅವನ ಕೈಯಲ್ಲಿ ಫಿಲ್ಮು ತೊಳೆಯುವ ಲ್ಯಾಬಿಗೆ ಕಳಿಸುವುದು ಅಂತ ಗೊತ್ತಾಗಿತ್ತು. ಸರ್ ನನಗೆ ಹೇಳಿದ್ದು ಎರಡೇ ಮಾತು. ಹಸಿ ತಾಗಬಾರದು, ಬೆಳಕು ತಾಗಬಾರದು.

ನಾನು ಮನೆಗೆ ಬಂದು ಅವ್ವನ ಮುಂದೆ ಹೀರೋ ಆದೆ. ಈ ಡಬ್ಬಿ ನಿನ್ನ ಬಂಗಾರದ ಬಳೆಗಿಂತ ದೊಡ್ಡದು, ಹಸಿ ತಾಗಿದರೆ ನನ್ನ ಜೀವನ ಮುಗಿದ ಹಾಗೆ, ಬೂಸಲು ಹಿಡಿದರೆ ಸರ್ ಊರು ಬಿಟ್ಟು ಹೋಗಬೇಕಾಗುತ್ತದೆ ಅಂತ ಉದ್ದುದ್ದ ಹೇಳಿದೆ. ಬೆಳಕಿನ ಮಾತು ಹೇಳಲೇ ಇಲ್ಲ. ಪಟ್ಟಿಯ ಮೇಲೆ ಬರೆದಿದ್ದೆನಲ್ಲ, ಇಂಗ್ಲಿಷಿನಲ್ಲಿ. ಸಿನಿಮಾದವನು ಕನ್ನಡದಲ್ಲಿ ಬರೆದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ನಮ್ಮವ್ವ ಕನ್ನಡ ಪೇಪರನ್ನು ಜಾಹೀರಾತು ಸಮೇತ ಓದುವವಳು. ಇಂಗ್ಲಿಷಿನ ಒಂದಕ್ಷರ ಬಾರದು.

ಹತ್ತೊಂಬತ್ತು ದಿನ ಹಿಡಿದ ಜಡಿ ಅದು. ಬಟ್ಟೆ ಒಣಗಲಿಲ್ಲ, ಉಪ್ಪು ನೀರಾಯಿತು, ಬೆಂಕಿಪೆಟ್ಟಿಗೆಯನ್ನು ಅವ್ವ ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಿದ್ದಳು. ಇಪ್ಪತ್ತನೆಯ ದಿನ ಬೆಳಿಗ್ಗೆ ಬಿಸಿಲು ಬಿತ್ತು. ಜಡಿಮಳೆ ಬಿಟ್ಟ ದಿನ ನಮ್ಮ ಕಡೆ ಹೆಂಗಸರು ಏನು ಮಾಡುತ್ತಾರೆ ಅಂತ ಹೇಳಬೇಕಾಗಿಲ್ಲ. ಮನೆಯೊಳಗಿನ ಪ್ರತಿಯೊಂದು ಡಬ್ಬಿಯ ಬಾಯಿ ಬಿಚ್ಚಿ, ಒಳಗಿದ್ದದ್ದನ್ನು ಮಾಳಿಗೆಗೆ ಹರಡುತ್ತಾರೆ. ಬೇಳೆ, ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಹಾಸಿಗೆ, ಮದುವೆಯ ಸೀರೆ. ನಾನು ಆ ಹೊತ್ತಿಗೆ ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿಗೆ ಹೋಗಿದ್ದೆ, ಕ್ಯಾಮೆರಾ ಸ್ಟ್ಯಾಂಡಿನ ಸ್ಕ್ರೂ ಮಾಡಿಸಲು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಆಮೇಲೆ ಮ್ಯಾಟಿನಿಗೆ ಹೋದೆ. ಹೊಡೆದಾಟದ ಸಿನಿಮಾ. ಹೀರೋನ ಕನ್ನಡಕ ನನ್ನದರ ಹಾಗೇ ಇತ್ತು.

ನಾಲ್ಕು ಗಂಟೆಗೆ ಮನೆಗೆ ಬಂದು ಮಾಳಿಗೆ ಹತ್ತಿದೆ. ಒಂದು ಕಡೆ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ಹಳೆಯ ಸೀರೆಯ ಮೇಲೆ ಅಕ್ಕಿ ಸಂಡಿಗೆ. ನಮ್ಮವ್ವನ ಸಂಡಿಗೆ ಚಿಕ್ಕೆಯ, ಅಂದರೆ ನಕ್ಷತ್ರದ, ಆಕಾರದ್ದು. ಒತ್ತುವ ಹಿತ್ತಾಳೆ ಬಿಲ್ಲೆಯಲ್ಲಿ ಒಂದು ಮೂಲೆ ಮುರಿದಿತ್ತು, ಹಾಗಾಗಿ ಪ್ರತಿ ಚಿಕ್ಕೆಗೂ ಒಂದು ಮೂಲೆ ಕಡಿಮೆ. ಸರ್ ನಮ್ಮಲ್ಲಿ ಊಟಕ್ಕೆ ಬಂದಾಗಲೆಲ್ಲ ಈ ಕುಂಟ ಚಿಕ್ಕೆಗಳನ್ನು ಬೇಡಿ ತಿನ್ನುತ್ತಿದ್ದರು. ಈ ಚಿಕ್ಕೆಗಳ ನಡುವೆ, ಮಾಳಿಗೆಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದು ಹೋಗಿ ಬಂದು, ಕಂದು ಬಣ್ಣದ ಉದ್ದ ರಿಬ್ಬನ್ನು ಮಿರಿಮಿರಿ ಮಿಂಚುತ್ತಿತ್ತು. ಗಾಳಿಗೆ ಹಾರದಂತೆ ಅಲ್ಲಲ್ಲಿ ಸ್ಟೀಲಿನ ವಾಟಿ ಇಟ್ಟಿದ್ದಳು. ಕಾಗೆ ಬರದಂತೆ ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದಳು. ಬೆಳಗಿನಿಂದ ಹಾಗೇ ಕೂತಿದ್ದಳಂತೆ, ಊಟಕ್ಕೂ ಎದ್ದಿರಲಿಲ್ಲ.

"ಕರೇ ಹಾಳ್ಯಾಗ ಸುತ್ತಿ ಇಟ್ಟಿದ್ದರಪಾ, ಹಸಿ ವಾಸನಿ ಹೊಡೀತಿತ್ತು," ಅಂದಳು. "ಒಂದ ಕಡೆನೂ ಮಡಚಲಾರದಂಗ ಬಿಚ್ಚೇನಿ. ಈಗ ನೋಡು, ಗರಿಗರಿ ಆಗೇತಿ. ಛಲೋ ಆತಿಲ್ಲೋ?"

ಅವ್ವನ ಮೂಗಿನ ತುದಿ ಬಿಸಿಲಿಗೆ ಕೆಂಪಾಗಿತ್ತು. ನಾನು ರೋಸಿ ಅಕ್ಕನ ಮುಖ ಆ ರಿಬ್ಬನ್ನಿನಲ್ಲಿ ಎಲ್ಲಾದರೂ ಕಾಣುತ್ತದೆಯೇ ಅಂತ ಬಗ್ಗಿ ನೋಡಿದೆ. ತೊಳೆಯದ ಫಿಲ್ಮಿನಲ್ಲಿ ಏನೂ ಕಾಣುವುದಿಲ್ಲ ಅನ್ನುವುದು ಸಹ ನನಗೆ ಮರೆತುಹೋಗಿತ್ತು.

"ಛಲೋ ಆತವಾ," ಅಂದೆ.

ಆಮೇಲೆ ನಾನು ಮಾಡಿದ್ದು ನನ್ನ ಎಲ್ಲಾ ಪೆದ್ದುತನಗಳ ತಲೆಯ ಮೇಲಿನ ಕಲಶ. ಫಿಲ್ಮನ್ನು ಗುಡ್ಡೆ ಮಾಡಿ ಎತ್ತಿಕೊಂಡು ಹೋಗಿ, ಕೋಣೆಯ ಕಿಟಕಿ ಮುಚ್ಚಿ, ಕಂಬಳಿ ಹೊದ್ದುಕೊಂಡು, ಕತ್ತಲಿನಲ್ಲಿ ಸುತ್ತಿದೆ. ದಿನವಿಡೀ ಸೂರ್ಯನ ಕೆಳಗೆ ಮಲಗಿದ್ದ ಫಿಲ್ಮಿಗೆ ಈಗ ಬೆಳಕು ತಾಗಬಾರದಂತೆ! ಬೆವರು ಸುರಿಯುತ್ತಿತ್ತು. ಒಳಗೊಳಗೆ ನಾನು, ಮೇಲಿನ ನಾಲ್ಕು ಸುತ್ತು ಹಾಳಾಗಿರಬಹುದು, ಒಳಗಿನದು ಉಳಿದಿರಬಹುದು ಅಂತ ಹೇಳಿಕೊಳ್ಳುತ್ತಿದ್ದೆ. ಒಳಗು ಹೊರಗು ಎಲ್ಲವನ್ನೂ ಅವ್ವ ಒಂದೇ ಸಮನೆ ಒಣಗಿಸಿದ್ದಳು. ಕರಿ ಹಾಳೆ ಸುತ್ತಿ, ಪಟ್ಟಿ ಅಂಟಿಸಿ, ಮಾರನೆಯ ದಿನ ಗಾರ್ಡಿನ ಕೈಗೆ ಕೊಟ್ಟೆ. ಸರ್ ಸ್ಟೇಷನ್ನಿಗೆ ಬಂದಿದ್ದರು. ರೈಲು ಹೊರಟಾಗ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಎರಡು ಹೆಜ್ಜೆ ಅದರ ಜೊತೆ ನಡೆದರು. ನಾನು ಸುಮ್ಮನಿದ್ದೆ.

ಎರಡು ವಾರದ ಮೇಲೆ ಡಬ್ಬಿ ವಾಪಸು ಬಂತು. ಸರ್ ನನ್ನನ್ನು ಧಾರವಾಡಕ್ಕೆ ಕರೆಸಿದರು. ಡಬ್ಬಿ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಪೂರ್ತಿ ಕಪ್ಪಾಗಿ ಬಂದಿದೆ, ಒಂದು ಚೌಕವೂ ಉಳಿದಿಲ್ಲ ಅಂದರು. ನಾನು ಅಷ್ಟರಲ್ಲಿ ಉತ್ತರ ತಯಾರು ಮಾಡಿಕೊಂಡಿದ್ದೆ. ಕ್ಯಾಮೆರಾದ ಬಾಗಿಲು ಸಡಿಲಾಗಿರಬೇಕು ಸರ್, ನನಗೆ ಮೊದಲಿನಿಂದಲೂ ಅನುಮಾನ ಇತ್ತು ಅಂದೆ. ಸರ್ ನನ್ನನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಇರಬಹುದು ಅಂದರು. ಆಮೇಲೆ ಊಟ ಆಯಿತೇ ಅಂತ ಕೇಳಿದರು.

ಅಂದೇ ಬೆಂಗೇರಿಗೆ ಹೋದೆವು. ರೋಸಿ ಅಕ್ಕ ತತ್ತಿ ಎಣಿಸುತ್ತಿದ್ದಳು. ನನ್ನ ತೊಡೆಯ ಮೇಲೆ ಒಂದು ತುಂಬಿದ ಟ್ರೇ ಇಟ್ಟು, ಹಿಡಿದುಕೋ ಅಂದಳು. ನಾನು ಹಿಡಿದುಕೊಂಡು ಕೂತೆ. ಸರ್ ನಿಂತೇ ಮಾತಾಡಿದರು. ಸುರುಳಿ ಹಾಳಾಯಿತು, ಏನೂ ಬಂದಿಲ್ಲ ಅಂದರು. ಅವಳ ಕೈ ಎಣಿಕೆಯ ನಡುವೆ ನಿಂತಿತು.

"ಹೆಂಗ ಹಾಳಾತು?" ಅಂದಳು.

"ನನ್ನ ಕೈ ತಪ್ಪಿತು," ಅಂದರು ಸರ್.

ರೋಸಿ ಅಕ್ಕ ಸರ್ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ತತ್ತಿಗಳು ಟ್ರೇಯಲ್ಲಿ ಸಣ್ಣಗೆ ಕಟಕಟ ಅನ್ನುತ್ತಿದ್ದವು.

"ಯಾಕ ಅಳ್ಳಾಡಾಕತ್ತೀಯೋ ತಮ್ಮಾ," ಅಂದಳು. "ತತ್ತಿ ಅದಾವು."

ಮತ್ತೊಮ್ಮೆ ಹೇಳು ಅಂತ ಸರ್ ಕೇಳಲಿಲ್ಲ. ಅವಳು ಹೇಳುತ್ತೇನೆ ಅನ್ನಲೂ ಇಲ್ಲ. ಹೊರಡುವಾಗ ಟ್ರೇಯನ್ನು ನನ್ನ ತೊಡೆಯ ಮೇಲಿಂದ ಎತ್ತಿಕೊಂಡು, ಯಾವುದೂ ಒಡೆದಿಲ್ಲ ಅಂತ ನೋಡಿ, ಒಳಗಿಟ್ಟಳು. ಆ ಚಮಕಿಯ ರವಿಕೆ ಹಗ್ಗದ ಮೇಲೆ ಒಣಗಲು ಹಾಕಿತ್ತು.

ಸರ್ ಅವರನ್ನು ಧಾರವಾಡಕ್ಕೆ ಬಿಡಲು ಹೋಗುವಾಗ ಬಸ್ಸಿನಲ್ಲಿ ನಾನು ಧೈರ್ಯ ಮಾಡಿ, ಸರ್, ಒಂದು ಮಾತು ಹೇಳುವುದಿತ್ತು ಅಂದೆ. ಉಣಕಲ್ ಕೆರೆ ತುಂಬಿ ಬೂದಿ ಬಣ್ಣಕ್ಕೆ ತಿರುಗಿತ್ತು. ಸರ್ ಅದನ್ನೇ ನೋಡುತ್ತ, ಕಿಟಕಿ ಹಾಕು, ಎರಚಲು ಹೊಡೆಯುತ್ತಿದೆ ಅಂದರು. ನಾನು ಕಿಟಕಿ ಹಾಕಿದೆ. ಅವ್ವ ಹೇಗಿದ್ದಾರೆ ಅಂತ ಕೇಳಿದರು. ಆರಾಮ ಇದ್ದಾಳೆ ಅಂದೆ. ನನ್ನ ಧೈರ್ಯ ಇಷ್ಟೇ ಉದ್ದದ್ದು, ಒಂದು ಕಿಟಕಿ ಹಾಕುವಷ್ಟರಲ್ಲಿ ಮುಗಿಯಿತು.

ಅಲ್ಲಿಗೆ ಆ ಸಿನಿಮಾ ನಿಂತಿತು. ಸರ್ ಮತ್ತೆ ಯಾವ ಸಿನಿಮಾವನ್ನೂ ಮಾಡಲಿಲ್ಲ. ಸುಮ್ಮನೆ ಕೂರಲಿಲ್ಲ, ಕತೆ ಬರೆದರು, ಬರೆದದ್ದನ್ನು ನನಗೆ ಓದಿ ಹೇಳಿದರು. ಬೀದಿನಾಯಿ ಹಿಡಿಯುವವನ ಕತೆ, ಊರೂರಿಗೆ ಹೋಗಿ ಕಿವಿಯ ಗುಗ್ಗೆ ತೆಗೆಯುವವನ ಕತೆ. ಕ್ಯಾಮೆರಾವನ್ನು ಮಾತ್ರ ಮುಟ್ಟಲಿಲ್ಲ. ಅದರ ಬಾಗಿಲು ಸಡಿಲ ಅಂತ ನಾನೇ ಹೇಳಿದ್ದೆನಲ್ಲ, ಮತ್ತೆ ಅದನ್ನು ಮುಟ್ಟಿದ್ದರೆ ನಾನು ಸುಳ್ಳನಾಗುತ್ತಿದ್ದೆ. ಇದು ನನಗೆ ಈಗ ಹೊಳೆಯುತ್ತಿದೆ. ಆಗ ನಾನು ಅವರಿಗೆ ಉತ್ಸಾಹ ಇಲ್ಲ, ವಯಸ್ಸಾಯಿತು ಅಂತ ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದೆ.

ಎರಡು ಮಳೆಗಾಲದ ನಂತರ ರೋಸಿ ಅಕ್ಕ ತೀರಿಕೊಂಡಳು. ಮಣ್ಣು ಕೊಡಲು ಬಂದವರು ನಾವಿಬ್ಬರು, ಓಣಿಯ ನಾಲ್ಕು ಜನ, ತತ್ತಿ ಸಪ್ಲೈ ಮಾಡುವವನು. ಗಂಡ ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಅವನ ಕೈ ತಪ್ಪಿರಲಿಲ್ಲ ಅನ್ನುವ ಸುದ್ದಿ ಆಮೇಲೆ ಲೋಕದಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅದರಲ್ಲಿ ಒಬ್ಬರು ಈಗ ಇಲ್ಲ.

ಸರ್ ಕೊನೆಯ ತನಕ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಅವ್ವ ಸಂಡಿಗೆ ಕರಿದು ಬಡಿಸುತ್ತಿದ್ದಳು. ಸರ್ ಒಂದನ್ನು ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಆ ಮುರಿದ ಮೂಲೆ ನೋಡಿ, ತಮ್ಮಷ್ಟಕ್ಕೆ ನಕ್ಕು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ನಗೆ ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. ನನ್ನ ತಟ್ಟೆಯ ಮೇಲೆ ಗಮನ ಇರುತ್ತಿತ್ತು.

ಈಗ ನಾನು ಗೋಕುಲ ರಸ್ತೆಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವ ಅಂಗಡಿ ಇಟ್ಟಿದ್ದೇನೆ. ದಿನಕ್ಕೆ ಇಪ್ಪತ್ತು ಸಲ, ಅಳ್ಳಾಡಬ್ಯಾಡ್ರಿ ಅನ್ನುತ್ತೇನೆ. ಹೋದ ವಾರ ಡಬ್ಬಿ ತಂದ ದಿನ ಅಂಗಡಿಗೆ ಹೋಗಲಿಲ್ಲ, ನೇರ ಮನೆಗೆ ಬಂದೆ. ಅಷ್ಟರಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಅವ್ವ ಮಾಳಿಗೆಯಲ್ಲಿ ಮೆಣಸಿನಕಾಯಿ ಹರಡುತ್ತಿದ್ದಳು. ಈಗ ಅವಳಿಗೆ ಮಂಡಿ ನೋವು, ಆದರೂ ಬಿಸಿಲು ಬಿದ್ದರೆ ಮೆಟ್ಟಿಲು ಹತ್ತುವುದನ್ನು ಬಿಟ್ಟಿಲ್ಲ. ನಾನು ಇನ್ನೊಂದು ಮೂಲೆಗೆ ಹೋಗಿ, ಅವಳಿಗೆ ಬೆನ್ನು ತಿರುಗಿಸಿ, ಮುಚ್ಚಳ ತೆಗೆದೆ.

ಕಪ್ಪು ಸುರುಳಿ, ಅಂಚುಗಳು ಸೊಟ್ಟಗಾಗಿದ್ದವು. ಅದರ ಮೇಲೆ ಹಳದಿಯಾದ ಒಂದು ಚೀಟಿ. ಲ್ಯಾಬಿನವನು ಇಂಗ್ಲಿಷಿನಲ್ಲಿ ಟೈಪು ಮಾಡಿ ಸಹಿ ಹಾಕಿದ್ದ: ಸುರುಳಿಯೊಳಗೆ ಸಿಕ್ಕ ವಸ್ತು, ಒಂದು, ಇದರೊಂದಿಗೆ ಹಿಂದಿರುಗಿಸಿದೆ. ಚೀಟಿಯ ಕೆಳಗೆ, ಸುರುಳಿಯ ನಡುವಿನ ತೂತಿನಲ್ಲಿ, ಒಂದು ಅಕ್ಕಿ ಸಂಡಿಗೆ ಇತ್ತು. ಚಿಕ್ಕೆಯ ಆಕಾರ. ಒಂದು ಮೂಲೆ ಇಲ್ಲ.

ಅಂದರೆ ಆ ದಿನ ಧಾರವಾಡದಲ್ಲಿ, ಮುಚ್ಚಿದ ಡಬ್ಬಿಯ ಮುಂದೆ ನಾನು ಕ್ಯಾಮೆರಾದ ಬಾಗಿಲಿನ ಕತೆ ಹೇಳುವಾಗ ಅವರಿಗೆ ಗೊತ್ತಿತ್ತು. ಬೆಂಗೇರಿಯಲ್ಲಿ ರೋಸಿ ಅಕ್ಕನ ಮುಂದೆ ನಿಂತು ಅವಳ ಗಂಡನ ಮಾತನ್ನೇ ಹೇಳುವಾಗ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿ ಹಾಕು ಅನ್ನುವಾಗ ಗೊತ್ತಿತ್ತು. ಒಂಬತ್ತು ವರ್ಷ ನಮ್ಮ ಮನೆಯಲ್ಲಿ ಕೂತು, ಅವ್ವನ ಕೈಯಿಂದ ಬಡಿಸಿಕೊಂಡು, ಆ ಚಿಕ್ಕೆಗಳನ್ನು ಒಂದೊಂದಾಗಿ ತಿಂದರು.

"ಏನೋ ಅದು, ಹುಳಿ ವಾಸನಿ?" ಅಂತ ಅವ್ವ ಹಿಂದಿನಿಂದ ಬಂದಳು. "ಅಯ್ಯ, ಆ ಡಬ್ಬಿ ಅಲ್ಲೇನು? ನಾ ಬಿಸಲಿಗೆ ಇಟ್ಟಿದ್ದೆ ನೋಡು. ಆ ಪಿಚ್ಚರ ಯಾಕ ಬರಲೇ ಇಲ್ಲೋ ಬಸು?"

ಅವಳ ಸೆರಗು ನನ್ನ ತೋಳಿಗೆ ತಾಗಿತು. ತನ್ನ ಸಂಡಿಗೆಯನ್ನು ಅವಳು ಹತ್ತು ಮಾರು ದೂರದಿಂದ ಗುರುತಿಸುತ್ತಾಳೆ. ನಾನು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ.

"ನನ್ನ ಕೈ ತಪ್ಪಿತವಾ," ಅಂದೆ.

"ನಿನ್ನ ಕೈಯಾಗ ಏನ ನಿಂತೈತಿ," ಅಂದಳು ಅವ್ವ. "ಪಾಪ, ಆ ಸರ್ ಎಷ್ಟ ಬೈದಿದ್ದಾರೇನೋ."

ಅವಳು ಮೆಣಸಿನಕಾಯಿ ತಿರುವಿ ಹಾಕಲು ಹೋದಳು. ಸಂಡಿಗೆ ಕಲ್ಲಿನ ಹಾಗಿತ್ತು, ಬಾಯಿ ತುಂಬ ಆ ಹುಳಿ. ನುಂಗಲು ಬರಲಿಲ್ಲ, ಉಗುಳಲು ಬರಲಿಲ್ಲ. ಅವಳು ಕೆಲಸ ಮುಗಿಸಿ, ಮಂಡಿ ಹಿಡಿದುಕೊಂಡು ಕೊನೆಯ ಮೆಟ್ಟಿಲು ಇಳಿಯುವ ತನಕ ನಾನು ಅಳ್ಳಾಡದೆ ನಿಂತಿದ್ದೆ.